ನಗುವುದು ಯಾರನ್ನು ನೋಡಿ?
ಕಾಂದಿವಲಿಯ ಕನ್ನಡ ಮನೆಗಳಲ್ಲಿ ಇಂಗ್ಲಿಷ್ ಹಾಸ್ಯ ಧಾರಾವಾಹಿಗಳ ತಕರಾರು

ಪಶ್ಚಿಮದಲ್ಲಿ ಚಾರ್ಕೋಪ್, ಮಹಾವೀರ್ ನಗರ, ದಹಾಣೂಕರ್‌ವಾಡಿ; ಪೂರ್ವದಲ್ಲಿ ಠಾಕೂರ್ ಕಾಂಪ್ಲೆಕ್ಸ್, ಲೋಖಂಡ್‌ವಾಲಾ, ಸಮತಾ ನಗರ. ಕಾಂದಿವಲಿಯ ಈ ಪರಿಸರಗಳಲ್ಲಿ ನೆಲೆಸಿರುವ ತುಳು-ಕನ್ನಡಿಗರ ಮನೆಗಳಲ್ಲಿ ಒಂದು ಕಾಲಕ್ಕೆ ರಾತ್ರಿ ಊಟದ ಹೊತ್ತಿನ ಜಗಳವೆಂದರೆ ರಿಮೋಟಿನ ಜಗಳ. ಅಪ್ಪನಿಗೆ ವಾರ್ತೆ, ಅಮ್ಮನಿಗೆ ಕನ್ನಡ ಧಾರಾವಾಹಿ, ಮಕ್ಕಳಿಗೆ ಕ್ರಿಕೆಟ್. ಈಗ ಆ ಜಗಳ ಬಹುಮಟ್ಟಿಗೆ ಮುಗಿದಿದೆ. ಟಿ.ವಿ. ಹಿರಿಯರ ಪಾಲಿಗೆ ಬಿಟ್ಟಿದೆ, ಮಕ್ಕಳು ಮೊಬೈಲ್ ಹಿಡಿದು ಒಳಕೋಣೆ ಸೇರಿದ್ದಾರೆ. ಆದರೆ ರಜಾದಿನಗಳಲ್ಲಿ ಮಕ್ಕಳು ಅದೇ ಮೊಬೈಲನ್ನು ದೊಡ್ಡ ಪರದೆಗೆ ಜೋಡಿಸಿ, 'ನೀವೂ ನೋಡಿ ಪಪ್ಪ, ಭಾರಿ ನಗು ಉಂಟು' ಎಂದು ಯಾವುದೋ ಇಂಗ್ಲಿಷ್ ಹಾಸ್ಯ ಧಾರಾವಾಹಿ ಹಚ್ಚಿದಾಗ ಹೊಸ ತಕರಾರೊಂದು ಹುಟ್ಟಿಕೊಳ್ಳುತ್ತದೆ. ಅರ್ಧ ಗಂಟೆ ಕಳೆದ ಮೇಲೆ ಹಿರಿಯರ ಪ್ರಶ್ನೆ ಒಂದೇ: 'ಇದರಲ್ಲಿ ನಗುವಂಥದ್ದು ಏನಿದೆ?'

ಈ ಪ್ರಶ್ನೆಯನ್ನು 'ಹಳಬರಿಗೆ ಇಂಗ್ಲಿಷ್ ಅರ್ಥವಾಗುವುದಿಲ್ಲ' ಎಂದು ತಳ್ಳಿಹಾಕುವ ಮಕ್ಕಳಿದ್ದಾರೆ. 'ಈಗಿನವರಿಗೆ ನಗುವುದೇ ಗೊತ್ತಿಲ್ಲ' ಎನ್ನುವ ಹಿರಿಯರೂ ಇದ್ದಾರೆ. ವಿಷಯ ಅಷ್ಟು ಸರಳವಲ್ಲ. ಏಕೆಂದರೆ ಇದೇ ಹಿರಿಯರು ಹೊಟ್ಟೆ ಹುಣ್ಣಾಗುವಂತೆ ನಗುವ ಬ್ರಿಟಿಷ್ ಧಾರಾವಾಹಿಯೂ ಒಂದಿದೆ. ಅದನ್ನು ಹಚ್ಚಿದರೆ ಮುಖ ಸಿಂಡರಿಸಿ ಎದ್ದುಹೋಗುವವರು ಮಕ್ಕಳು!

ರಾತ್ರಿ ಶಾಲೆಯ ನಗು

ಆ ಧಾರಾವಾಹಿಯ ಹೆಸರು 'ಮೈಂಡ್ ಯುವರ್ ಲಾಂಗ್ವೇಜ್'. 1977ರಿಂದ 1979ರವರೆಗೆ ಲಂಡನ್ ವೀಕೆಂಡ್ ಟೆಲಿವಿಷನ್ ತಯಾರಿಸಿ ಐಟಿವಿಯಲ್ಲಿ ಪ್ರಸಾರವಾದದ್ದು. ಲಂಡನ್‌ನಲ್ಲಿ ದುಡಿಯುವ ಬೇರೆ ಬೇರೆ ದೇಶದವರು ಸಂಜೆ ತರಗತಿಗೆ ಬಂದು ಇಂಗ್ಲಿಷ್ ಕಲಿಯುವುದು, ಬ್ರೌನ್ ಎಂಬ ಸಾಧು ಮೇಷ್ಟ್ರು ಅವರ ತಪ್ಪುಗಳ ನಡುವೆ ಒದ್ದಾಡುವುದು ಇದರ ಕಥೆ. ಅದರಲ್ಲಿ ರಂಜೀತ್ ಸಿಂಗ್ ಎಂಬ ಸರ್ದಾರ್ಜಿ ಇದ್ದಾನೆ, ಅಲಿ ನದೀಮ್ ಎಂಬ ಪಾಕಿಸ್ತಾನಿ ಇದ್ದಾನೆ, ಸೀರೆಯುಟ್ಟು ಹೆಣಿಗೆ ಹೆಣೆಯುವ ಜಮೀಲಾ ಇದ್ದಾಳೆ. ಸರ್ದಾರ್ಜಿಯಾಗಿ ನಟಿಸಿದ ಆಲ್ಬರ್ಟ್ ಮೋಸೆಸ್ ಹುಟ್ಟಿದ್ದು ಸಿಲೋನಿನಲ್ಲಿ, ಪಾಕಿಸ್ತಾನಿಯಾದ ದಿನೋ ಶಫೀಕ್ ಢಾಕಾದಲ್ಲಿ ಎಂಬುದು ಇನ್ನೊಂದು ತಮಾಷೆ. ಬಿಳಿಯರ ಕಣ್ಣಿಗೆ ನಾವೆಲ್ಲ ಒಂದೇ ಅಲ್ಲವೇ!

ನಮ್ಮಲ್ಲಿ ಇದರ ಹಿಂದಿ ಅವತಾರ 1993ರಲ್ಲಿ ದೂರದರ್ಶನದಲ್ಲಿ ಬಂದ 'ಜಬಾನ್ ಸಂಭಾಲ್ ಕೆ'. ಹಿಂದಿ ಮೇಷ್ಟ್ರಾಗಿ ಪಂಕಜ್ ಕಪೂರ್, ಹಿಂದಿ ಕಲಿಯಲು ಬರುವ ಇಂಗ್ಲಿಷಿನವನಾಗಿ ಟಾಮ್ ಆಲ್ಟರ್, ಜೊತೆಗೆ ಶುಭಾ ಖೋಟೆ, ವಿಜು ಖೋಟೆ. ಮುಂಬಯಿ ಕನ್ನಡಿಗರ ಒಂದು ಇಡೀ ತಲೆಮಾರು ಇದನ್ನು ತಪ್ಪದೆ ನೋಡಿದೆ ಎಂದರೆ ಅತಿಶಯೋಕ್ತಿಯಾಗಲಾರದು. ಇಂಗ್ಲಿಷಿನ ಮೂಲವನ್ನು ಅವರಲ್ಲಿ ಹಲವರು ನೋಡಿದ್ದು ಆಮೇಲೆ, ಮಕ್ಕಳ ಕಂಪ್ಯೂಟರಿನಲ್ಲಿ.

ಅವರಿಗೆ ಇದು ಇಷ್ಟೊಂದು ಹಿಡಿಸಿದ್ದೇಕೆ? ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿದ ಜನ ಇವರು. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಂಸ್ಥೆಗಳು ಕೋಟೆ ಪರಿಸರದಲ್ಲೂ ಇತರೆಡೆಯಲ್ಲೂ ನಡೆಸಿಕೊಂಡು ಬಂದ ಕನ್ನಡ ರಾತ್ರಿ ಶಾಲೆಗಳ ಬೆಂಚು ಸವೆಸಿದವರಿಗೆ ಬ್ರೌನ್ ಮೇಷ್ಟ್ರ ತರಗತಿ ಅಪರಿಚಿತವೇನಲ್ಲ. ಕೈಯಲ್ಲಿ ಎಣ್ಣೆ ವಾಸನೆ ಇಟ್ಟುಕೊಂಡೇ ಬಂದು ಕೂರುವ ವಿದ್ಯಾರ್ಥಿ, ನಿದ್ದೆ ತೂಗುವವನನ್ನು ಎಬ್ಬಿಸದೆ ಪಾಠ ಮುಂದುವರಿಸುವ ಮೇಷ್ಟ್ರು, ಒಬ್ಬ ತಪ್ಪು ಹೇಳಿದಾಗ ತನ್ನ ತಪ್ಪು ಮರೆತು ನಗುವ ಇಡೀ ತರಗತಿ. ಅಲ್ಲಿ ಎಲ್ಲರೂ ತಪ್ಪು ಮಾಡುವವರೇ ಆದ್ದರಿಂದ ಯಾರಿಗೂ ಅವಮಾನವಿಲ್ಲ.

ಚಾರ್ಕೋಪ್‌ನಲ್ಲಿ ವಾಸವಾಗಿರುವ ನಿವೃತ್ತ ಹೋಟೆಲ್ ಉದ್ಯಮಿಯೊಬ್ಬರು ಎಪ್ಪತ್ತರ ದಶಕದ ಆರಂಭದಲ್ಲಿ ಹದಿಮೂರರ ಹರೆಯದಲ್ಲಿ ಕುಂದಾಪುರದ ಕಡೆಯಿಂದ ಬಂದವರು. ಕ್ಲೀನರ್ ಆಗಿ ಸೇರಿ, ವೇಟರ್ ಆಗಿ, ಗಲ್ಲಾದಲ್ಲಿ ಕುಳಿತು, ಕೊನೆಗೆ ಸ್ವಂತ ಹೋಟೆಲ್ ಮಾಡಿದವರು. ಬಂದ ಮೊದಲ ವಾರ ಗಿರಾಕಿಯೊಬ್ಬ ಮೇಜು ತೋರಿಸಿ 'ಕಪಡಾ ಮಾರ್' ಎಂದನಂತೆ. ಬಟ್ಟೆಯಿಂದ ಒರೆಸು ಎಂಬುದು ಅದರ ಅರ್ಥ. ಇವರು ಬಟ್ಟೆ ಮಾರುವುದೆಂದು ತಿಳಿದು, ಮಾರಲು ನನ್ನ ಹತ್ತಿರ ಬಟ್ಟೆ ಎಲ್ಲಿದೆ ಎಂದು ಕಣ್ಣು ಕಣ್ಣು ಬಿಟ್ಟರಂತೆ. ಈ ಕಥೆಯನ್ನು ಅವರು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಪ್ರತಿ ಸಲವೂ ಮೊದಲು ನಗುವವರು ಅವರೇ.

ಲಂಡನ್ ಬೇಡವೆಂದದ್ದು

ಇಷ್ಟು ಜನಪ್ರಿಯವಾಗಿದ್ದ 'ಮೈಂಡ್ ಯುವರ್ ಲಾಂಗ್ವೇಜ್' 1979ರಲ್ಲಿ ನಿಂತದ್ದು ನೋಡುವವರಿಲ್ಲದೆ ಅಲ್ಲ. ವಾಹಿನಿಯ ಅಧಿಕಾರಿಯಾಗಿದ್ದ ಮೈಕೆಲ್ ಗ್ರೇಡ್ ಅವರಿಗೆ, ಪ್ರತಿ ದೇಶದವರನ್ನೂ ಒಂದು ಅಚ್ಚಿಗೆ ಹಾಕಿ ಹಾಸ್ಯ ಮಾಡುವುದು ಅವಮಾನಕರ ಎನಿಸಿತು. ಮಲಾಡ್‌ನ ಕಚೇರಿಯೊಂದರಲ್ಲಿ ದುಡಿಯುವ, ಮೇಲೆ ಹೇಳಿದ ಹೋಟೆಲ್ ಉದ್ಯಮಿಯ ಮೊಮ್ಮಗಳ ಅಭಿಪ್ರಾಯವೂ ಅದೇ. 'ಅಜ್ಜ, ಅವರು ನಗ್ತಾ ಇರೋದು ನಿಮ್ಮನ್ನು ನೋಡಿ' ಎನ್ನುತ್ತಾಳೆ ಅವಳು. ಅಜ್ಜನ ಉತ್ತರ: 'ನಗಲಿ ಮಗಾ, ನಾನೂ ನಗ್ತಾ ಇದ್ದೇನಲ್ಲ.'

ಯಾರ ಪರ ನಿಲ್ಲುವುದು? ಹಾಗೆ ನೋಡಿದರೆ ಮೊಮ್ಮಗಳ ಮಾತಿನಲ್ಲಿ ಸತ್ಯವಿಲ್ಲದಿಲ್ಲ. 1968ರ 'ಪಡೋಸನ್' ಚಿತ್ರದಲ್ಲಿ ಮೆಹಮೂದ್ ಮಾಡಿದ ದಕ್ಷಿಣ ಭಾರತೀಯ ಸಂಗೀತ ಮೇಷ್ಟ್ರ ಪಾತ್ರ ನೋಡಿ ಇಡೀ ಮುಂಬಯಿ ನಕ್ಕಿತು. ಅದರ ನಂತರ ಕನ್ನಡಿಗನೋ ತಮಿಳನೋ ಮಲಯಾಳಿಯೋ ಎಂದು ನೋಡದೆ ಲೋಕಲ್ ಟ್ರೇನಿನಲ್ಲಿ ಅದೇ ಧಾಟಿಯಲ್ಲಿ 'ಅಯ್ಯೋಯ್ಯೋ' ಎಂದು ಅಣಕಿಸಿಕೊಂಡವರು ನಮ್ಮ ಜನ. ಆಗ ಅವರು ನಗಲಿಲ್ಲ. ಉಚ್ಚಾರ ತಿದ್ದಿಕೊಂಡರು. ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕಿದರು. ಯಾರೂ ಅಣಕಿಸದಂತೆ ಬೆಳೆದ ಆ ಮಕ್ಕಳ ಮಕ್ಕಳೇ ಈಗ 'ಇದು ಅವಮಾನ' ಎಂದು ಅಜ್ಜನಿಗೆ ಪಾಠ ಹೇಳುತ್ತಿರುವುದು.

ಮ್ಯಾನುಯೆಲ್‌ನ ಪೆಟ್ಟು

ಅಜ್ಜ ಎಲ್ಲಕ್ಕೂ ನಗುವವರೇನಲ್ಲ. ಬ್ರಿಟಿಷ್ ಹಾಸ್ಯದ ಕಿರೀಟವೆಂದು ಬಹಳ ಮಂದಿ ಒಪ್ಪುವ 'ಫಾಲ್ಟಿ ಟವರ್ಸ್' ನೋಡಿ ಅವರ ಮುಖ ಗಂಟಿಕ್ಕಿತು. 1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು ಹನ್ನೆರಡೇ ಕಂತುಗಳ ಈ ಧಾರಾವಾಹಿಯಲ್ಲಿ ಬೇಸಿಲ್ ಫಾಲ್ಟಿ ಎಂಬವನದ್ದು ಟಾರ್ಕೀ ಎಂಬ ಕಡಲತೀರದ ಊರಿನಲ್ಲಿ ಹೋಟೆಲ್. ಗಿರಾಕಿಗಳೆಂದರೆ ಅವನಿಗೆ ಪೀಡೆ. 1970ರಲ್ಲಿ ನಟ ಜಾನ್ ಕ್ಲೀಸ್ ತಂಗಿದ್ದ ಗ್ಲೆನ್‌ಈಗಲ್ಸ್ ಎಂಬ ನಿಜವಾದ ಹೋಟೆಲಿನ ಮಾಲಕನೇ ಇದಕ್ಕೆ ಸ್ಫೂರ್ತಿ. 'ಗಿರಾಕಿಗೆ ಹೀಗೆ ಮಾತಾಡಿದರೆ ಮರುದಿನ ಶಟರ್ ಎಳೀಬೇಕು' ಎಂಬುದು ನಲ್ವತ್ತು ವರ್ಷ ಹೋಟೆಲ್ ನಡೆಸಿದವರ ಮೊದಲ ಆಕ್ಷೇಪ.

ನಿಜವಾದ ಆಕ್ಷೇಪ ಬೇರೆ. ಆ ಹೋಟೆಲಿನಲ್ಲಿ ಮ್ಯಾನುಯೆಲ್ ಎಂಬ ಸ್ಪೇನಿನ ವೇಟರ್ ಇದ್ದಾನೆ. ಇಂಗ್ಲಿಷ್ ಬಾರದು. ಹೇಳಿದ್ದು ಅರ್ಥವಾಗದಾಗಲೆಲ್ಲ ಯಜಮಾನ ತಲೆಗೆ ಬಿಗಿಯುತ್ತಾನೆ, ಪ್ರೇಕ್ಷಕರು ಗೊಳ್ಳೆನ್ನುತ್ತಾರೆ. ಅಜ್ಜನಿಗೆ ಕಂಡದ್ದು ಊರಿನಿಂದ ಹೊಸದಾಗಿ ಬಂದ ಹುಡುಗ. ರಾತ್ರಿ ಶಾಲೆಯ ತಪ್ಪಿಗೆ ನಗಬಹುದು, ಹೋಟೆಲಿನ ಪೆಟ್ಟಿಗೆ ನಗಲಾಗದು. ಈ ಎರಡನ್ನೂ 'ಭಾಷೆ ಬಾರದವನ ಹಾಸ್ಯ' ಎಂದು ಒಂದೇ ಕಪಾಟಿನಲ್ಲಿ ಇಡುವವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ, ತರಗತಿಯಲ್ಲೂ ಹೋಟೆಲಿನಲ್ಲೂ ಕಾಲ ಕಳೆದವರಿಗೆ ಕಾಣುತ್ತದೆ. ಸ್ಪೇನಿನವರೂ ತಮ್ಮವನು ಪೆಟ್ಟು ತಿನ್ನುವುದನ್ನು ಒಪ್ಪಲಿಲ್ಲ. ಅಲ್ಲಿಯ ಭಾಷೆಗೆ ಡಬ್ ಮಾಡುವಾಗ ಮ್ಯಾನುಯೆಲ್‌ನನ್ನು ಇಟಲಿಯವನನ್ನಾಗಿ ಮಾಡಿದರು. ಮ್ಯಾನುಯೆಲ್ ಆಗಿ ನಟಿಸಿದ ಆಂಡ್ರ್ಯೂ ಸ್ಯಾಕ್ಸ್ ಕೂಡ ಬರ್ಲಿನ್‌ನಲ್ಲಿ ಹುಟ್ಟಿ, ನಾಜಿಗಳ ಭಯದಿಂದ 1938ರಲ್ಲಿ ಎಳೆಯ ಹುಡುಗನಾಗಿ ಇಂಗ್ಲೆಂಡಿಗೆ ಓಡಿಬಂದ ಕುಟುಂಬದವರು ಎಂಬುದನ್ನು ತಿಳಿದ ಮೇಲೆ ಅಜ್ಜ ಇನ್ನೊಂದು ಕಂತು ನೋಡಿದರಂತೆ. ನಗಲಿಲ್ಲ, ಆದರೆ 'ಅವನು ಚೆನ್ನಾಗಿ ಮಾಡಿದ್ದಾನೆ' ಎಂದರಂತೆ.

ಇರಿಸುಮುರಿಸಿನ ಹಾಸ್ಯ

ಮೊಮ್ಮಕ್ಕಳ ಪ್ರೀತಿಯ 'ದಿ ಆಫೀಸ್' ವಿಚಾರಕ್ಕೆ ಬರೋಣ. ಬಿಬಿಸಿ ಟೂ ವಾಹಿನಿಯಲ್ಲಿ 2001ರ ಜುಲೈಯಲ್ಲಿ ಆರಂಭವಾದ ಇದನ್ನು ರಿಕಿ ಜರ್ವೇಸ್ ಮತ್ತು ಸ್ಟೀಫನ್ ಮರ್ಚೆಂಟ್ ಬರೆದು ನಿರ್ದೇಶಿಸಿದರು. ಸ್ಲೋ ಎಂಬ ಊರಿನ ಕಾಗದ ಮಾರುವ ಕಂಪನಿಯ ಶಾಖೆ. ಅದರ ಮ್ಯಾನೇಜರ್ ಡೇವಿಡ್ ಬ್ರೆಂಟ್. ತಾನು ಎಲ್ಲರಿಗೂ ಅಚ್ಚುಮೆಚ್ಚು, ತನ್ನಂಥ ವಿನೋದಿ ಇನ್ನೊಬ್ಬನಿಲ್ಲ ಎಂಬುದು ಅವನ ನಂಬಿಕೆ. ಅವನು ಜೋಕ್ ಹೇಳುತ್ತಾನೆ, ಯಾರೂ ನಗುವುದಿಲ್ಲ. ಕ್ಯಾಮೆರಾ ಅಲ್ಲಿಂದ ಸರಿಯುವುದೂ ಇಲ್ಲ. ಸಾಕ್ಷ್ಯಚಿತ್ರ ತೆಗೆಯಲು ಬಂದವರಂತೆ ಅದು ಆ ಮೌನವನ್ನೇ ಹಿಡಿದು ತೋರಿಸುತ್ತದೆ. ಹಿಂದಿನ ಧಾರಾವಾಹಿಗಳಲ್ಲಿ ನಗು ಎಲ್ಲಿ ಬರಬೇಕೆಂದು ಹಿನ್ನೆಲೆಯ ಪ್ರೇಕ್ಷಕರ ನಗುವೇ ತಿಳಿಸುತ್ತಿತ್ತು. ಇಲ್ಲಿ ಆ ನಗು ಇಲ್ಲ. ನೋಡುವವನಿಗೆ ನಗಬೇಕೋ, ಕಣ್ಣು ಮುಚ್ಚಿಕೊಳ್ಳಬೇಕೋ ಗೊತ್ತಾಗುವುದಿಲ್ಲ. ತಪ್ಪು ಮಾಡಿದವನು ಪರದೆಯ ಮೇಲೆ, ನಾಚಿಕೆ ಸೋಫಾದ ಮೇಲೆ ಕುಳಿತವನಿಗೆ! ನಮ್ಮ ಹಳೆಯ ಮಾತಿನಲ್ಲಿ ಇದಕ್ಕೆ ಇರಿಸುಮುರಿಸು ಎನ್ನುತ್ತಾರೆ.

ನಮ್ಮ ಯುವಕರಲ್ಲಿ ಹೆಚ್ಚಿನವರು ನೋಡಿದ್ದು 2005ರಿಂದ 2013ರವರೆಗೆ ನಡೆದ ಇದರ ಅಮೆರಿಕನ್ ರೂಪವನ್ನು. ಅಲ್ಲಿ ಮ್ಯಾನೇಜರ್ ಪಾತ್ರವನ್ನು ಎರಡನೇ ವರ್ಷದಿಂದ ಮೃದು ಮಾಡಿ, ಪ್ರೀತಿಸಬಹುದಾದ ಪೆದ್ದನನ್ನಾಗಿ ಮಾಡಿದರು. ಅಕುರ್ಲಿಯಿಂದ ಮೆಟ್ರೋ ಹತ್ತಿ ಅಂಧೇರಿ ಕಡೆಗೆ ಹೋಗುವ ಹುಡುಗ-ಹುಡುಗಿಯರಲ್ಲಿ ಅಮೆರಿಕದ್ದು ಮೇಲೋ ಬ್ರಿಟನ್ನಿನದ್ದು ಮೇಲೋ ಎಂಬ ವಾದ ನಡೆಯುವುದುಂಟು. ಬ್ರಿಟನ್ನಿನದ್ದನ್ನು ಪೂರ್ತಿ ನೋಡಲಾಗದೆ ನಡುವೆ ನಿಲ್ಲಿಸಿದವರು ಅವರಲ್ಲೂ ಇದ್ದಾರೆ. 2019ರಲ್ಲಿ ಇದು ಫರೀದಾಬಾದಿನ ಕಚೇರಿಯ ಕಥೆಯಾಗಿ ಹಿಂದಿಯಲ್ಲೂ ಹಾಟ್‌ಸ್ಟಾರ್‌ನಲ್ಲಿ ಬಂತು.

ಆದರೆ ಕಚೇರಿಯ ಹಾಸ್ಯವೆಂದರೆ ಹಿರಿಯರಿಗೆ ಇಂದಿಗೂ 'ಆಫೀಸ್ ಆಫೀಸ್'. ಅದೂ 2001ರದ್ದೇ, ಸಬ್ ಟಿ.ವಿ.ಯದ್ದು. 'ಜಬಾನ್ ಸಂಭಾಲ್ ಕೆ' ನಿರ್ದೇಶಿಸಿದ ರಾಜೀವ್ ಮೆಹ್ರಾ ಅವರೇ ನಿರ್ದೇಶಕರು, ಅದೇ ಪಂಕಜ್ ಕಪೂರ್ ಮುಸದ್ದಿಲಾಲ್. ಪಿಂಚಣಿಗೋ ಪಾಸ್‌ಪೋರ್ಟಿಗೋ ಅಲೆಯುವ ಅವನನ್ನು ಮೇಜಿನಿಂದ ಮೇಜಿಗೆ ತಳ್ಳುವ ಶುಕ್ಲಾ, ಭಾಟಿಯಾ, ಪಟೇಲ್, ಉಷಾಜಿ, ಪಾಂಡೆ. ಸಾಲಿನಲ್ಲಿ ನಿಂತು ಸವೆದವನು ಅದನ್ನು ನೋಡಿ ನಕ್ಕರೆ ಅವನ ಸಿಟ್ಟು ಅರ್ಧ ಇಳಿಯುತ್ತದೆ. 'ದಿ ಆಫೀಸ್' ನೋಡಿದವನ ಸಿಟ್ಟು ಇಳಿಯುವುದಿಲ್ಲ. ಏಕೆಂದರೆ ಮರುದಿನ ಬೆಳಿಗ್ಗೆ ಅವನು ಅದೇ ಮ್ಯಾನೇಜರನ ಮುಂದೆ ಕೂರಬೇಕು, ಅದೇ ಜೋಕಿಗೆ ಹಲ್ಲು ಕಿರಿಯಬೇಕು. ಕೌಂಟರಿನ ಹೊರಗೆ ನಿಂತವರದ್ದು ಒಂದು ನಗು, ಒಳಗೆ ಕುಳಿತವರದ್ದು ಇನ್ನೊಂದು.

ಮೇಲಿರುವವನ ಪೆದ್ದುತನಕ್ಕೆ ನಗುವುದು ವಿಲಾಯತಿಯ ಸರಕೇನೂ ಅಲ್ಲ. ಲಂಡನ್‌ನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದ ಟಿ.ಪಿ. ಕೈಲಾಸಂ, ಇಂಗ್ಲಿಷ್ ಬೆರೆಸಿ ಮಾತಾಡುವ ನಮ್ಮ ವಿದ್ಯಾವಂತರನ್ನೇ ರಂಗದ ಮೇಲೆ ತಂದು ನಿಲ್ಲಿಸಿದರು. ಮಾಸ್ಟರ್ ಹಿರಣ್ಣಯ್ಯ 'ಲಂಚಾವತಾರ'ದಲ್ಲಿ ಅಧಿಕಾರಿ, ಮಂತ್ರಿಗಳನ್ನು ಬಿಡಲಿಲ್ಲ. ಈಟಿವಿ ಕನ್ನಡದಲ್ಲಿ ಸಿಹಿಕಹಿ ಚಂದ್ರು ಅವರ 'ಸಿಲ್ಲಿ ಲಲ್ಲಿ' ಬರುತ್ತಿದ್ದಾಗ, ತನ್ನನ್ನು ತಾನೇ ಹೊಗಳಿಕೊಳ್ಳುವ ರವಿಶಂಕರ್ ಅವರ ಡಾಕ್ಟರ್ ವಿಠಲ್ ರಾವ್‌ಗಾಗಿ ಉಪನಗರಗಳ ಕನ್ನಡ ಮನೆಗಳು ಕಾಯುತ್ತಿದ್ದವು. ವಿಠಲ್ ರಾವ್ ಮತ್ತು ಡೇವಿಡ್ ಬ್ರೆಂಟ್ ಒಂದೇ ಜಾತಿಯ ಪ್ರಾಣಿಗಳು. ವಿಠಲ್ ರಾವ್ ಬಡಾಯಿ ಕೊಚ್ಚಿದ ತಕ್ಷಣ ಸುತ್ತಲಿನವರು ಅವನ ಕಾಲೆಳೆದು ನೋಡುವವರ ಎದೆ ಹಗುರ ಮಾಡುತ್ತಾರೆ. ಬ್ರೆಂಟ್‌ನ ಕಾಲನ್ನು ಯಾರೂ ಎಳೆಯುವುದಿಲ್ಲ. ಆ ಕೆಲಸ ನೋಡುವವನಿಗೇ ಬಿಟ್ಟದ್ದು.

ನೆರೆಮನೆಯ ಗುಜರಾತಿಗಳ ಮಾತು ಎತ್ತದೆ ಕಾಂದಿವಲಿಯ ನಗುವಿನ ಕಥೆ ಪೂರ್ಣವಾಗದು. ಅವರ ರಂಗಭೂಮಿಯಿಂದ ಬಂದ ಜೆ.ಡಿ. ಮಜೀಠಿಯಾ, ಆತಿಶ್ ಕಪಾಡಿಯಾ ಜೋಡಿಯ 'ಸಾರಾಭಾಯ್ ವರ್ಸಸ್ ಸಾರಾಭಾಯ್' 2004ರಲ್ಲಿ ಸ್ಟಾರ್ ಒನ್‌ನಲ್ಲಿ ಆರಂಭವಾದಾಗ ಅಷ್ಟಾಗಿ ಓಡಲಿಲ್ಲ, ಮೆಚ್ಚುಗೆ ಬೆಳೆದದ್ದು ಆಮೇಲೆ. ಕಫ್ ಪರೇಡಿನ ಅತ್ತೆ ಮಾಯಾಗೆ 'ಮಧ್ಯಮ ವರ್ಗ' ಎಂಬುದೇ ಬೈಗುಳ. ತನ್ನ ಅಡ್ಡಹೆಸರು 'ಬಕೆಟ್' ಆದರೂ 'ಬುಕೇ' ಎಂದೇ ಉಚ್ಚರಿಸಬೇಕೆಂದು ಹಟ ಹಿಡಿಯುವ 'ಕೀಪಿಂಗ್ ಅಪ್ ಅಪಿಯರೆನ್ಸಸ್'ನ ಹಯಸಿಂತ್‌ಗೆ ಮಾಯಾ ತಂಗಿಯಂತೆ. ಇದಕ್ಕೆ ಅಜ್ಜ, ಮಗ, ಮೊಮ್ಮಗಳು ಮೂವರೂ ನಗುತ್ತಾರೆ. ಎಲ್ಲಿ ಮನೆ ಎಂದರೆ ಕಾಂದಿವಲಿ ಎನ್ನದೆ ಟವರಿನ ಹೆಸರು ಹೇಳುವವರು ನಮ್ಮಲ್ಲೂ ಇದ್ದಾರಲ್ಲ! ಅಂದಹಾಗೆ, ಮಾವನಾಗಿ ನಟಿಸಿದ ಸತೀಶ್ ಶಾ 2025ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಹಿರಿಯರಿಗೆ ನೆನಪಾದದ್ದು ಸಾರಾಭಾಯ್ ಅಲ್ಲ, 1984ರ 'ಯೇ ಜೋ ಹೈ ಜಿಂದಗಿ'. ಕಟ್ಟಡಕ್ಕೊಂದೋ ಎರಡೋ ಟಿ.ವಿ. ಇದ್ದ ಆ ದಿನಗಳಲ್ಲಿ ಶುಕ್ರವಾರ ರಾತ್ರಿ ಕಂತಿಗೊಂದು ವೇಷದಲ್ಲಿ ಬರುತ್ತಿದ್ದ ನಟ ಅವರು.

ಸಂಘದ ವೇದಿಕೆಯಲ್ಲಿ

ಈ ತಕರಾರು ಮನೆಯೊಳಗೇ ಮುಗಿಯುವುದಾದರೆ ಬರೆಯುವ ಅಗತ್ಯವಿರಲಿಲ್ಲ. ನಮ್ಮ ಸಂಘ-ಸಂಸ್ಥೆಗಳ ವಾರ್ಷಿಕೋತ್ಸವದಲ್ಲಿ ಭಾಷಣ, ಸನ್ಮಾನ ಮುಗಿದ ಮೇಲೆ ಜನ ಕಾದು ಕುಳಿತುಕೊಳ್ಳುವುದು ಹಾಸ್ಯ ಪ್ರಹಸನಕ್ಕಾಗಿ. ಅದರಲ್ಲಿ ತೊದಲುವವನೊಬ್ಬ, ಸೀರೆಯುಟ್ಟ ಗಂಡಸೊಬ್ಬ, ಊರಿನಿಂದ ಬಂದ ಪೆದ್ದ ಕೆಲಸದಾಳು ಇರಲೇಬೇಕು ಎಂಬುದು ಬಹುಕಾಲದ ಪದ್ಧತಿ. ಹಿರಿಯರು ಬಿದ್ದು ಬಿದ್ದು ನಗುತ್ತಾರೆ. ಯುವಕರು ಹಾಲಿನ ಹೊರಗೆ ವಡಾಪಾವ್ ಗಾಡಿಯ ಬಳಿ ನಿಂತಿರುತ್ತಾರೆ. ಯುವ ವಿಭಾಗದವರು ನಾಟಕಕ್ಕೆ ಬರುವುದಿಲ್ಲ ಎಂಬ ದೂರು ಪ್ರತಿ ಮಹಾಸಭೆಯಲ್ಲೂ ಕೇಳಿಬರುತ್ತದೆ. ಏಕೆ ಬರುವುದಿಲ್ಲ ಎಂದು ಅವರನ್ನೇ ಕೇಳಿದವರು ಕಡಿಮೆ.

ಪಶ್ಚಿಮ ಉಪನಗರದ ಸಂಘವೊಂದು ಕೇಳಿತು. ತೊದಲುವವನಿಗೆ ನಗುವುದು ತಮ್ಮಿಂದಾಗದು ಎಂದ ಹುಡುಗರು, ಬದಲಿಗೆ ತಾವೇ ಒಂದು ಪ್ರಹಸನ ಬರೆದು ತಂದರು. ಕಥೆ: ಸಂಘದ ಕಾರ್ಯಕಾರಿ ಸಮಿತಿ ಸಭೆ. ಟಿ.ವಿ. ವಾಹಿನಿಯೊಂದು ಅದನ್ನು ಚಿತ್ರೀಕರಿಸುತ್ತಿದೆ ಎಂಬ ಕಲ್ಪನೆ. ವೇದಿಕೆ ಹತ್ತಿದರೆ ಇಳಿಯದ ಅಧ್ಯಕ್ಷ, ತನ್ನ ಜೋಕಿಗೆ ತಾನೇ ನಗುವ ನಿರೂಪಕ, ಹಾರ ಸಾಲದೆ ಒಂದೇ ಹಾರವನ್ನು ಇಬ್ಬರಿಗೆ ಹಾಕುವ ಕಾರ್ಯದರ್ಶಿ. ನಡುನಡುವೆ ದೀರ್ಘ ಮೌನ. ಓದಿ ಮುಗಿಸಿದಾಗ ಸಮಿತಿಯ ಕೋಣೆಯಲ್ಲೂ ಅದೇ ಮೌನ ನೆಲೆಸಿತಂತೆ. ಮಾಜಿ ಅಧ್ಯಕ್ಷರೊಬ್ಬರು 'ಇದು ನಮ್ಮ ಮೇಲೆಯೇ ಬರೆದದ್ದಲ್ಲವೇ?' ಎಂದರು. ಹೌದು ಎಂದು ಹೇಳುವ ಧೈರ್ಯ ಹುಡುಗರಿಗೂ ಇರಲಿಲ್ಲ. ಸಲಹೆಗಾರರಾಗಿ ಕುಳಿತಿದ್ದ ಚಾರ್ಕೋಪ್‌ನ ಅಜ್ಜ ಮಾತ್ರ ಆ ಎರಡು ಕೊರಳಿಗೆ ಒಂದೇ ಹಾರದ ಭಾಗವನ್ನು ಮತ್ತೊಮ್ಮೆ ಓದಿಸಿದರು.

ಪ್ರಹಸನಕ್ಕೆ ಒಪ್ಪಿಗೆ ಸಿಕ್ಕಿತು, ಎರಡು ತಿದ್ದುಪಡಿಗಳೊಂದಿಗೆ. ಮೌನಗಳು ಸ್ವಲ್ಪ ಚಿಕ್ಕದಾಗಬೇಕು, ಇಲ್ಲವಾದರೆ ಮಾತು ಮರೆತರೆಂದು ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿಬಿಡುತ್ತಾರೆ. ಎರಡನೆಯದು ಖಜಾಂಚಿಯವರ ಸೂಚನೆ: ಖಜಾಂಚಿ ಪಾತ್ರದ ಬಾಯಲ್ಲಿ ಹೇಳಿಸಿರುವ ಹಾಲಿನ ಬಾಡಿಗೆ ಹೋದ ವರ್ಷದ್ದು, ಈ ವರ್ಷ ಅದು ಹೆಚ್ಚಾಗಿದೆ, ಸರಿಪಡಿಸಬೇಕು.